ಗುಡಿಸು

ಬಸ್ಸಿನ ಹಣಿಗೆ ಊರ ಹೆಸರು ಬರಿಯೂದು ನನ್ನ ಕಸುಬು.
ಡಿಪೋದ ಹಿಂದ ಬೇವಿನ ನೆರಳು, ಮುರುಕು ಸ್ಟೂಲು,
ಹಳದಿ ಡಬ್ಬಿ, ಕರೀ ಡಬ್ಬಿ, ಅಳಿಲಬಾಲದ ಕುಂಚ.
ಮೂವತ್ತೊಂದು ವರ್ಷ.
ಹುನಗುಂದ ಬರದೇನಿ, ಜಮಖಂಡಿ ಬರದೇನಿ,
ನಾ ಕಾಣದ ಪಣಜಿನೂ ಬರದೇನಿ, ಕೈ ನಡುಗಿಲ್ಲ.
ಹೋಗೂದಕ್ಕೊಂದು ಬೋರ್ಡು, ತಿರುಗಿ ಬರೂದಕ್ಕೊಂದು.
ನಮ್ಮೂರ ಹೆಸರಿಂದು ಯಾವತ್ತೂ ತಿರುಗಿ ಬರೂ ಬೋರ್ಡು.

ಹೊಸಾ ಸಾಹೇಬರು ಬಂದ್ರು, ಹುಣಸೂರ ಕಡಿಯವರು.
ಬೋರ್ಡಿನ ಮುಂದ ನಿಂತು, ಚಷ್ಮಾ ಏರಿಸಿ,
‘ದಾವಲಸಾಬ್, ಇದೇನ್ರೀ ಇದು, ಕೋಟಿ?
ಲೆಕ್ಕದ ಕೋಟಿನಾ? ಕೋಟೆ ಕಣ್ರೀ, ಬಾಗಲಕೋಟೆ.’

ನೋಡಿದೆ. ಖರೇನ. ಟಿ ಬರದಿದ್ದೆ.
ಇಷ್ಟು ವರ್ಷ ಬರದದ್ದು ಕಣ್ಣು,
ಅವತ್ತ್ಯಾಕೋ ಬಾಯಿ ಬರದಿತ್ತು.

ನಮ್ಮ ಬಾಯಿ ಹಂಗ, ಸಾಹೇಬ್ರ.
ಮನೆ ಮನಿ ಆಗತೈತಿ, ಹೊಳೆ ಹೊಳಿ,
ಎಮ್ಮೆ ನಮ್ಮಲ್ಲಿ ಎಮ್ಮಿ,
ಹಾಲೇನು ಕಡಿಮಿ ಕೊಡೂದಿಲ್ಲ.
ಮುಂಬೈ ಲಾರಿಯವ್ರು ‘ಬಾಗಲ್‌ಕೋಟ್’ ಅಂತಾರ,
ಟಕ್ಕನ ಬಾಗಲಾ ಬಡದು ಅಗಳಿ ಹಾಕಿದಂಗ.
ಟೇಸನ್ನಿನ ಧ್ವನಿವರ್ಧಕದಾಗಿನ ಹೆಣ್ಣುಮಗಳಂತೂ
ಊರನ್ನ ಎರಡು ತುಂಡು ಮಾಡಿ ನಡುವ ಉಸಿರು ತಗೋತಾಳ,
ಯಾವೂರಾಕಿನೋ ಪಾಪ, ಇಲ್ಲಿ ಎಂದೂ ಇಳದಾಕಿ ಅಲ್ಲ.
ಕೋಟೆ ಅಂದ್ರ ಬಾಯಿ ತೆರದು ನಿಲ್ಲತೈತಿ,
ಫೋಟೋದವ ‘ತಡೀರಿ’ ಅಂದಂಗ.
ಕೋಟಿ ಅಂದ್ರ ತುಟಿ ಎರಡೂ ಕಡಿ ಹಿಗ್ಗತಾವ.
ಅಂದು ನೋಡ್ರಿ.
ಸಿಟ್ಟಿನ್ಯಾಗ ಅಂದ್ರೂ ನಕ್ಕಂಗ ಕಾಣತೈತಿ.

ಇದನ್ನೆಲ್ಲಾ ಅನ್ನಲಿಲ್ಲ ನಾ.
ಸೀಮಿಎಣ್ಣಿ ಅರಿವಿ ತಗೊಂಡು
ಗುಡಿಸು ಒಂದನ್ನ ಗುಡಿಸಿ ಒಗದೆ.

ಹಳೀ ಊರಾಗ, ಕಿಲ್ಲೇದ ಓಣಿ ತಿರುವಿಗೆ,
ನಮ್ಮ ಉಸ್ತಾದ ಮೌನೇಶಪ್ಪ ಬರದ
ಅರಿವಿ ಅಂಗಡಿ ಹೆಸರಿತ್ತು ಗ್ವಾಡಿ ಮ್ಯಾಲ, ಮೊಳದುದ್ದದ ಅಕ್ಷರ.
ಅಂವಾ ಸಾಲಿ ಮೆಟ್ಟಲಾ ಹತ್ತಿದವ ಅಲ್ಲ, ಕಿವಿ ಕೇಳಿದ್ದ ಬರದಿದ್ದ.
ಆಮ್ಯಾಲ ಹಿನ್ನೀರು ಏರಿತು. ಮಂದಿ ಟ್ರಾಕ್ಟರಿನ್ಯಾಗ
ಬಾಗಲಾ ಚೌಕಟ್ಟ ಸುದ್ದಾ ಕಿತಗೊಂಡು ನವನಗರಕ್ಕ ಹೋದ್ರು.
ನವನಗರಕ್ಕ ಯಾರೂ ತಪ್ಪು ಅನ್ನೂದಿಲ್ಲ.
ಸೆಕ್ಟರಿಗೆ ನಂಬರ, ನಂಬರಿಗೆ ಉಚ್ಚಾರ ಒಂದ.
ಬ್ಯಾಸಿಗ್ಯಾಗ ನೀರು ಇಳದಾಗ ಒಮ್ಮೆ ಹೋಗಿದ್ದೆ:
ಮೊಣಕಾಲುದ್ದ ಗ್ವಾಡಿ, ಜೊಂಡು, ಒಂದು ಕೊಕ್ಕರಿ,
ಅದರ ಕಾಲ ಬುಡಕ್ಕ ಒಂದು ಟಿ.
ಉಳದ ಅಕ್ಷರ ಮೀನಾ ತಿಂದಿದ್ವು.

ಸಾಹೇಬರು ಆ ಹೊತ್ತಿಗೆ ಬೇವಿನ ಬುಡಕ್ಕ ಸರದು
ಫೋನಿನ್ಯಾಗ ಅವ್ವನ ಕೂಡ ಮಾತಾಡ್ತಿದ್ರು.
‘ಬತ್ತೀನಿ ಕಣವ್ವ. ಇವತ್ತೊಂದ್ ದಿನ ತಡ್ಕೊ. ಉಂಡ್ಯಾ?’
ಬರ್ತೀನಿ ಒಳಗಿನ ರ ಎಲ್ಲೋ ಉದುರಿತ್ತು.
ಡಿಪೋದ ಧೂಳಾಗ ಬಿದ್ದದ್ದನ್ನ ನಾ ನೋಡಿದೆ,
ಹೆಕ್ಕಿ ಕೊಡಾಕ ಹೋಗಲಿಲ್ಲ.
ಧ್ವನಿ ಬ್ಯಾರೇನ ಆಗಿತ್ತು ಅವರದು. ಚಡ್ಡಿ ಹಾಕಿದ ಹುಡುಗಂದು.

ತಿರುಗಿ ಬಂದು, ‘ಹಾಂ, ಈಗ ಸರಿ’ ಅಂದ್ರು.
ಹೋಗಲಿಲ್ಲ. ಸ್ವಲ್ಪ ನಿಂತು,
‘ನೀವು ಹೆಂಗಂತೀರಿ? ಇನ್ನೊಂದ್ಸಲ ಹೇಳಿ.’
ಅಂದೆ.
ಅವರೂ ಅಂದ್ರು. ಲೆಕ್ಕದ ಕೋಟಿನ ಆತು ಅದು.
ಆದ್ರೂ ತುಟಿ ಹಿಗ್ಗಿದವು.

ಏತ್ವ ಇನ್ನೂ ಹಸೀ ಇತ್ತು, ಬಸ್ಸಿನವ್ರು ಕಾಯಲಿಲ್ಲ.
ಒಂದು ನುಸಿ ಹಾರಿ ಬಂದು ಅದಕ್ಕ ಅಂಟಿತು,
ತಗಿಯೂದ್ರಾಗ ಬೋರ್ಡು ಒಯ್ದಿದ್ರು.
ರಾತ್ರಿ ಸೊಲ್ಲಾಪುರದ ಸ್ಟ್ಯಾಂಡಿನ್ಯಾಗ
ಕಂಡಕ್ಟರ್ ನೀಲವ್ವ ಅದನ್ನ ತೂಗಿ ಹಾಕತಾಳ,
ಹಾಕಿ, ಅದರ ಕಡಿ ನೋಡದ, ಬಾಗಲದಾಗ ನಿಂತು ಕೂಗತಾಳ.
ಹೆಂಗ ಕೂಗತಾಳಂತ ಈಗ ನಿಮಗ ಗೊತ್ತೈತಿ.