ಮೂಟೆ ತೂಗುವ ತಕ್ಕಡಿ

ಮೈದಾ ಮೂಟೆ ತೂಗುವ ತಕ್ಕಡಿಯ ಮೇಲೆ
ಸೋಮವಾರ ಅವಳನ್ನೇ ನಿಲ್ಲಿಸಿದೆ:
ಮೂವತ್ತೊಂದು ಕಿಲೋ, ಇನ್ನೂರು ಗ್ರಾಂ.
ಬಾಲ ಆಚೆ ನೆಲಕ್ಕೆ ಊರಿದ್ದಳು,
ಅದರ ಲೆಕ್ಕ ಬೇರೆ.

ಸಾಲಗಾಮೆ ರಸ್ತೆಯ ನಮ್ಮ ಬೇಕರಿ ಮೆಟ್ಟಿಲಿಗೆ
ಅಂಗೈಯಗಲದ ಮರಿಯಾಗಿ ಬಂದವಳು.
ಮುರಿದ ರಸ್ಕು ತಿಂದಳು, ರಸ್ಕು ಅಂತಲೇ ಕರೆದೆವು.
ಆಮೇಲೆ ಮುರಿಯದ್ದನ್ನೂ ತಿಂದಳು.

ಒಪ್ಪೊತ್ತು ಉಂಡವ ಯೋಗಿ ಅಂತ ಹೊರಟ ಗಾದೆ
ಮೂರಕ್ಕೇ ಸುಸ್ತಾಗಿ ನಿಲ್ಲುತ್ತದೆ, ರೋಗಿ ಅಂತ.
ಇವಳ ಲೆಕ್ಕಕ್ಕೆ ಅದು ಸಾಲದು.
ಹಾಲಿನ ವ್ಯಾನು ಬಂದಾಗ ಒಂದು ಬನ್ನು,
ಆಟೋ ಚೆಲುವಯ್ಯನ ಖಾರಾಬನ್ನಿನಲ್ಲಿ ಅರ್ಧ,
ಸ್ಟೆಲ್ಲಾ ಟೀಚರ್ ಕೊಡುವ ಕೇಕಿನ ಕಾಗದ,
ಕಾಗದಕ್ಕೆ ಬೇಕೆಂದೇ ಬಿಟ್ಟ ಕೇಕು,
ಟ್ಯೂಷನ್ ಮುಗಿಸಿದ ಹನ್ನೆರಡು ಮಕ್ಕಳು,
ರಾತ್ರಿ ಷಟರ್ ಎಳೆಯುವಾಗ, ಯಾರೂ ಕಾಣದ ಹಾಗೆ,
ನಾನು.

ವೆಟರ್ನರಿ ಕಾಲೇಜಿನ ಡಾಕ್ಟರು ಫರ್ಜಾನಾ
ಅವಳ ಪಕ್ಕೆಲುಬು ತಡಕಿದರು,
ಕತ್ತಲಲ್ಲಿ ಬೀಗದ ಕೈ ಹುಡುಕುವ ಹಾಗೆ.
ಒಂದೂ ಸಿಗಲಿಲ್ಲ.
ಥೈರಾಯ್ಡಿಗೆಂದು ರಕ್ತ ತೆಗೆದರು, ಅದು ಸರಿಯಿತ್ತು.
'ಹಸಿವು ಇಳಿಸೋ ಔಷಧಿ ಇದೆ,
ಎಲ್ಲಾ ನಾಯಿಗೂ ಕೊಡಲ್ಲ. ನೋಡೋಣ' ಅಂದರು.
ಎಣ್ಣೆಯಂಥ ದ್ರವ, ಸೂಜಿಯಿಲ್ಲದ ಸಿರಿಂಜು,
ದಿನಕ್ಕೊಂದು ಸಲ. ವಾಂತಿಯಾದರೆ ಫೋನ್ ಮಾಡಿ.
ಗಲ್ಲಾಪೆಟ್ಟಿಗೆ ಹಿಂದೆ
ನನ್ನ ಸಕ್ಕರೆ ಮಾತ್ರೆಯ ಪಕ್ಕದಲ್ಲೇ ಇಟ್ಟೆ.

ಹನ್ನೊಂದನೆಯ ದಿನ, ನಾಲ್ಕು ಗಂಟೆ ಜಾವ,
ಭಟ್ಟಿಯ ಬಾಗಿಲು ತೆಗೆದೆ. ಮೊದಲ ಟ್ರೇ.
ಎದುರುಮನೆಯ ನಿದ್ದೆಯೊಳಕ್ಕೂ ನುಗ್ಗುವ ಘಮ.
ಅವಳು ಕಣ್ಣು ತೆರೆದಳು, ನನ್ನ ನೋಡಿದಳು,
ಬಸ್ಸಿನ ಕಿಟಕಿಯಿಂದ ಪರಿಚಯದವರನ್ನು ಕಂಡವರ ಹಾಗೆ
ತಲೆಯಾಡಿಸಿ, ಮತ್ತೆ ಮಲಗಿದಳು.

ಮೂವತ್ತೆಂಟು ವರ್ಷದಿಂದ ಬೇಯಿಸುತ್ತಿದ್ದೇನೆ.
ಹಳಸಿದ ಬ್ರೆಡ್ಡು ಗೊತ್ತು, ಸೀದುಹೋದದ್ದು ಗೊತ್ತು.
ಬೇಡವಾದ ಬ್ರೆಡ್ಡು
ಕೈಯಲ್ಲಿ ಇಷ್ಟು ಭಾರ ಅಂತ ಗೊತ್ತಿರಲಿಲ್ಲ.

ಇಪ್ಪತ್ತೆಂಟು. ತಿಂಗಳು ಕಳೆದು ಇಪ್ಪತ್ತಾರೂವರೆ.
ಮೆಟ್ಟಿಲು ಹತ್ತಲು ಏದುಸಿರಿಲ್ಲ.
ಚೆಲುವಯ್ಯ ಮಾತ್ರ, ಬನ್ನು ಹಿಡಿದು ನಿಂತೇ,
'ಏನೋ ಮಾಟ ಮಾಡಿಸಿದ್ದೀಯ' ಅಂದ.

ಔಷಧಿ ನಿಲ್ಲಿಸುವ ದಿನ ಡಾಕ್ಟರು ಅಂದರು:
'ಹಸಿವು ವಾಪಸ್ ಬರುತ್ತೆ, ಅದರ ತಪ್ಪಲ್ಲ.
ಕೈ ನಿಮ್ಮದು, ನೋಡ್ಕೊಳ್ಳಿ.
ಕೈಗೆ ಹಾಕೋ ಹನಿ ನಮ್ಮಲ್ಲಿಲ್ಲ.'

ನಿನ್ನೆ ಬಂತು.
ಭಟ್ಟಿ ಬಾಗಿಲಿಗೆ ಒದ್ದೆ ಮೂಗು, ಮೊಣಕಾಲಿಗೆ ಒಂದು ಪಂಜ.
ಮಗುವಿಗೆ ಜ್ವರ ಬಿಟ್ಟ ಮನೆಯ ಹಾಗೆ
ನನಗೆ ನಗು, ತಡೆಯಲಾಗದ ನಗು.
ಆಮೇಲೆ ಹೆದರಿಕೆ.

ಟ್ರೇ ಮೇಲಿಟ್ಟು, ಕೈ ಹಿಂದೆ ಕಟ್ಟಿಕೊಂಡು
ಮಹಾರಾಜ ಪಾರ್ಕಿನ ಕಡೆ ಹೊರಟೆ.
ಹಿಂದೆ ಟಾರಿನ ಮೇಲೆ ಉಗುರಿನ ಸದ್ದು, ಟಕ ಟಕ.
ಜೇಬಿನಲ್ಲಿ ಬೇಯಿಸಿದ ಹುರುಳಿಕಾಯಿ,
ಮತ್ತೆ, ಸುಳ್ಳು ಯಾಕೆ,
ಕಿರುಬೆರಳ ಉಗುರಿನಷ್ಟು ರಸ್ಕು.

ತೂಗಿ ನೋಡಿಯೇ ತಂದದ್ದು.
ಮೂಟೆ ತೂಗುವ ತಕ್ಕಡಿಯಲ್ಲಿ
ಅದು ಸೊನ್ನೆ ತೋರಿಸುತ್ತದೆ.