ಎಳ್ಳು

ಕಾಣಿಕೆಯ ಸಾಲು ಇನ್ನೂ ಮುಗಿದಿರಲಿಲ್ಲ.
ಲಮುನು ಮೊರದ ಎಳ್ಳನ್ನು ಪೀಠದ ಬುಡದಲ್ಲಿಟ್ಟು
ಬಂದ ದಾರಿಯಲ್ಲೇ ಹೊರನಡೆದಳು.
ಉಪದೇಶಿ ತಡೆಯಲಿಲ್ಲ;
ಕಾಣಿಕೆಗಿಂತ ಮೊದಲು ಸೋದರ ಎಂದು
ಈಗಷ್ಟೇ ಓದಿದವನು ಅವನೇ ತಾನೆ.

ಕಿಟ್ಗುಮಿನ ಕೆಂಪು ಹಾದಿ, ನೆತ್ತಿಯ ಬಿಸಿಲು.
ಒಕಿಡಿ ಅವಳ ಮಗನನ್ನು ಕೊಂದವನು.
ಆಗ ಅವನಿಗೆ ಹನ್ನೆರಡು, ಹೊತ್ತ ಕೋವಿ ಅವನಿಗಿಂತ ಉದ್ದ.
ಕದ್ದೊಯ್ದವರು ಕೊಟ್ಟ ಕೋವಿ.
ಇದು ಊರಿಗೆಲ್ಲ ಗೊತ್ತು.
ಯಾರೂ ಲೆಕ್ಕಕ್ಕೆ ಹಿಡಿಯದ್ದು:
ಕಾಡಿನಿಂದ ಮರಳಿದವನ ಕೊಡವನ್ನು
ಬೋರ್‌ವೆಲ್ಲಿನ ಬಳಿ ಅವಳು ಒದ್ದು ಉರುಳಿಸಿದ್ದು,
ಒಂದು ದಿನವಲ್ಲ, ಆರು ವರ್ಷ.

ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದವನು
ಎದ್ದು, ಕೈ ಎಲ್ಲಿಡಲೆಂದು ತಿಳಿಯದೆ ನಿಂತ.
'ಎಳ್ಳಷ್ಟೂ ಕ್ಷಮೆ ಹುಟ್ಟಿಲ್ಲ ನನ್ನೊಳಗೆ,' ಅಂದಳು.
'ಕೊಡದ ವಿಷಯಕ್ಕೆ ಬಂದೆ. ಅದು ನನ್ನ ತಪ್ಪು.'

ಒಳಗಿಂದ ಸೋರೆಬುರುಡೆಯಲ್ಲಿ ನೀರು ತಂದ.
ಕುಡಿದಳು. ಕೆಸರಿನ ವಾಸನೆ.
ಮೂರು ಮೈಲಿಯಾಚೆಯ ಜೌಗಿನ ನೀರು,
ಆರು ವರ್ಷದಿಂದ ಅವನು ಕುಡಿದದ್ದು.
ಉಗುಳಲಿಲ್ಲ. ಪೂರ್ತಿ ಕುಡಿದು, ಬುರುಡೆ ಬೋರಲು ಹಾಕಿ
'ನಾಳೆ ಬೆಳಿಗ್ಗೆ ಕೊಡ ತಾ' ಎಂದಳು, ಮುಖ ನೋಡದೆ.

ಅತ್ತ ಪ್ರಾರ್ಥನೆ ಅವಳಿಗಾಗಿ ಕಾದಿತ್ತು.
ಮೊರದ ಬಳಿ ಇರುವೆಗಳು ಮಾತ್ರ ಕಾಯಲಿಲ್ಲ.