ಬೆಸುಗೆಯ ಬೆನ್ನು

ಮಂಡ್ಯದಲ್ಲಿ ನಾಲ್ಕು ಗಂಟೆಗೆ ನಾಲೆ ಕಡೆಯಿಂದ
ಒಂದು ಗಾಳಿ ಏಳುತ್ತದೆ.
ಊರೆಲ್ಲ ಅದಕ್ಕೆ ಬಾಗಿಲು ತೆಗೆಯುವ ಹೊತ್ತು
ನಾವು ಷಟರ್ ಎಳೆಯುತ್ತೇವೆ.
ಫ್ಯಾನಿನ ಸ್ವಿಚ್ಚಿಗೆ ದಸ್ತಗೀರ್ ಮೇಸ್ತ್ರಿ
ಟೇಪು ಸುತ್ತಿ ಹನ್ನೊಂದು ವರ್ಷ.
ಹೆಲ್ಮೆಟ್ಟಿನೊಳಗೆ ಬೆವರು ಮೂಗಿನ ತುದಿಗೆ ಬಂದು
ನಿಂತು, ಯೋಚಿಸಿ, ಬೀಳುತ್ತದೆ.

"ಗಾಳಿ ಬಂದ್ರೆ ಗ್ಯಾಸು ಹೋಯ್ತದೆ ಕಣ್ಲಾ,
ಗ್ಯಾಸು ಹೋದ್ರೆ ಮಾನ ಹೋಯ್ತದೆ."

ಮೂಲೆಯಲ್ಲಿ ಸರಪಳಿ ಬಿಗಿಸಿಕೊಂಡು ನಿಂತಿದೆ
ನೀಲಿ ಸಿಲಿಂಡರು. ಒಳಗೆ ಆರ್ಗಾನು.
ಬಣ್ಣವಿಲ್ಲ, ವಾಸನೆಯಿಲ್ಲ,
ಯಾರ ಜತೆಗೂ ಜಗಳವಿಲ್ಲ, ನಂಟೂ ಇಲ್ಲ.
ಕರಗಿದ ಸ್ಟೀಲಿಗೂ ಊರ ಗಾಳಿಗೂ ನಡುವೆ
ಸುಮ್ಮನೆ ಕೂರುವುದೊಂದೇ ಅದರ ಕೆಲಸ,
ಬಾಣಂತಿ ಕೋಣೆಯ ಹೊಸ್ತಿಲಲ್ಲಿ
ಕಾಲು ಚಾಚಿ ಕೂತ ಅಜ್ಜಿಯ ಹಾಗೆ.

ನಾನು ಆಲೆಮನೆಯವನ ಮಗ.
ಬಿಳಿಬೆಲ್ಲವೇ ಬೇಕೆಂದ ದಲ್ಲಾಳಿಗೆ ಅಪ್ಪ
ಕೊಪ್ಪರಿಗೆಗೆ ಹಿಡಿ ಪುಡಿ ಎರಚಿ ಬೆಳ್ಳಗೆ ಮಾಡಿಕೊಡುತ್ತಿದ್ದ,
ಮನೆಗೆ ಮಾತ್ರ ಕರಿಯಚ್ಚು ತೆಗೆದಿಡುತ್ತಿದ್ದ.
ಅದಕ್ಕೇ ಬಣ್ಣ ನನಗೆ ಬೇಗ ಒಲಿಯಿತು:
ಗ್ಯಾಸು ಸರಿಯಿದ್ದರೆ ಬೆಸುಗೆ ಬೆಳ್ಳಿ,
ವಸಿ ಕಮ್ಮಿಯಾದರೆ ಒಣಹುಲ್ಲು,
ಆಮೇಲೆ ನೇರಳೆ, ನವಿಲಿನ ಕತ್ತು,
ಕೊನೆಗೆ ಬೂದಿ.
ಮೊದಲ ವಾರ ನವಿಲಿನ ಕತ್ತು ನೋಡಿ
ಚೆಂದ ಅಂದಿದ್ದೆ.
ಮೇಸ್ತ್ರಿ ನಗಲಿಲ್ಲ.

ರಂಜಾನಿನ ತಿಂಗಳು, ಮಾರ್ಚಿಯ ಉರಿ.
ಡೈರಿಯ ಹಾಲಿನ ಪೈಪು, ಎರಡಿಂಚು,
ಬೆಳಗಿನ ಜಾವಕ್ಕೆ ಮುಟ್ಟಿಸಬೇಕು.
ಮೀಟರಿನ ಮುಳ್ಳು ತಳ ಕಂಡಿತ್ತು.
ಮೇಸ್ತ್ರಿ ರಾತ್ರಿ ನಮಾಜಿಗೆ ಹೋಗಿದ್ದರು.
ಮುಖಕ್ಕೆ ಬಿಟ್ಟರೆ ಸಾಕು, ಬೆನ್ನಿಗೇಕೆ ಗ್ಯಾಸು?
ಪೈಪಿನೊಳಗೆ ಬಿಡುವ ನಳಿಕೆಯನ್ನು ಮುಚ್ಚಿದೆ.
ಒಳಗೆ ಯಾರು ಇಣುಕುತ್ತಾರೆ?

ಹೊರಗೆ ಬಂತು ನೋಡಿ,
ನಾಣ್ಯಕ್ಕೆ ನಾಣ್ಯ ಒರಗಿಸಿಟ್ಟ ಹಾಗೆ!
ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡೆ.

ಮೇಸ್ತ್ರಿ ಬಂದರು. ಹೊರಮೈ ನೋಡಲೇ ಇಲ್ಲ.
ಕಡ್ಡಿಗೆ ಕಟ್ಟಿದ ಸ್ಕೂಟರ್ ಕನ್ನಡಿಯ ಚೂರು
ಸದಾ ಅವರ ಜೇಬಿನಲ್ಲಿರುತ್ತದೆ.
ಪೈಪಿನೊಳಗೆ ಇಳಿಸಿ, ಬ್ಯಾಟರಿ ಬಿಟ್ಟು ನೋಡಿ
"ಬೆರಳಾಕು" ಅಂದರು.
ಹಾಕಿದೆ. ತರಚಿತು.
ತಳ ಹಿಡಿದ ಕೊಪ್ಪರಿಗೆ, ಕಪ್ಪು ಹರಳು ಹರಳು.
"ಇದ್ಕೆ ನಮ್ ಕಸುಬಲ್ಲಿ ಏನಂತಾರೆ ಗೊತ್ತಾ?
ಸಕ್ಕರೆ."

ಸಕ್ಕರೆಯ ಸೀಮೆಯಲ್ಲಿ ಹುಟ್ಟಿ
ಆ ಪದಕ್ಕೆ ಮೊದಲ ಸಲ ತಲೆ ತಗ್ಗಿಸಿದೆ.

"ಈ ಹರಳಿನ ಸಂದೀಲಿ ಹಾಲು ಕೂತ್ಕತದೆ.
ಎಷ್ಟ್ ತೊಳೆದ್ರೂ ಏಳಾಕಿಲ್ಲ. ನಾಳೀಕೆ ಹುಳಿ ಬತ್ತದೆ.
ಯಾವ್ ಮಗೀನ ಹೊಟ್ಟೆಗೆ ಹೋಯ್ತದೋ."
ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.
ಗ್ರೈಂಡರು ಕೈಗೆ ಕೊಟ್ಟು
ಬೀಡಿ ಹಚ್ಚಲು ಹೊರಗೆ ಹೋದರು.

ಗುತ್ತಲು ಕಡೆಯಿಂದ ಆಟೋದಲ್ಲಿ
ಹೊಸ ಸಿಲಿಂಡರು ಬಂದಾಗ ಹನ್ನೊಂದೂವರೆ.
ಪೈಪಿನ ಎರಡು ಬಾಯಿಗೂ ರಟ್ಟು, ಟೇಪು.
ಒಂದರಲ್ಲಿ ನಳಿಕೆ, ಇನ್ನೊಂದರಲ್ಲಿ ಸೂಜಿತೂತು.
ಮೇಸ್ತ್ರಿ ಕಡ್ಡಿ ಗೀರಿ ತೂತಿನ ಎದುರು ಹಿಡಿದರು.
ಉರಿಯಿತು. ಕಾದೆವು.
ಇನ್ನೊಂದು. ಅದೂ ಉರಿಯಿತು.
ಮೂರನೆಯದು, ಯಾರೂ ಊದದೆ,
ತಾನಾಗಿ ತಲೆ ಬಾಗಿಸಿ ಆರಿತು.
"ಈಗ ತುಂಬ್ಕಂಡದೆ. ಹಚ್ಚು."

ಸುತ್ತು ಮುಗಿದು ಬೆಳಕು ಕಡಿದೊಡನೆ
ಕೈ ಎತ್ತಲು ಹೋದೆ. ಮೊಣಕೈ ಹಿಡಿದರು.
"ಇರ್ಲಾ."
ಆರಿದ ಟಾರ್ಚಿನಿಂದ ಗ್ಯಾಸು ಇನ್ನೂ ಇಳಿಯುತ್ತಿತ್ತು
ಕೆಂಪಗಿದ್ದ ಕೊನೆಯ ಚುಕ್ಕಿಯ ಮೇಲೆ,
ಕೂಸು ನಿದ್ದೆ ಹೋದ ಮೇಲೂ
ತಟ್ಟುತ್ತಲೇ ಇರುವ ಕೈಯ ಹಾಗೆ.
ಎಂಟು ಎಣಿಸುವಾಗ ಕೆಂಪು ಹೋಯಿತು.
ಹತ್ತಕ್ಕೆ ಮೊಣಕೈ ಬಿಟ್ಟರು.

ಕನ್ನಡಿ ಈ ಸಲ ನನ್ನ ಕೈಗೆ ಬಂತು.
ಒಳಗೆ ಬೆಳ್ಳಿ. ಪುಡಿ ಎರಚದ ಬಿಳುಪು.
ಮೊಬೈಲು ಜೇಬಿನಲ್ಲೇ ಉಳಿಯಿತು.

ಷಟರ್ ಎತ್ತಿದೆ.
ನಾಲೆಯ ಗಾಳಿ ಯಾವಾಗಲೋ ಬಂದು ಹೋಗಿತ್ತು.
ಕಬ್ಬಿನ ಲಾರಿಯೊಂದು ಏದುಸಿರು ಬಿಡುತ್ತ
ಫ್ಯಾಕ್ಟರಿ ಕಡೆ ತಿರುಗಿತು, ಬೀದಿಯೆಲ್ಲ ಸಿಹಿ ನಾತ.
ತರಚಿದ ಬೆರಳನ್ನು ಬಾಯಿಗಿಟ್ಟುಕೊಂಡೆ.
ಉಪ್ಪಗಿತ್ತು.